ಬ್ರಾಡ್‌ವೇ ಪಕ್ಕದ ಏಳು ದಿಬ್ಬಗಳು

ಊರಿಂದ ನಮ್ಮ ಮನೆಗೆ ಯಾರೇ ಬಂದರೂ ನ್ಯೂಯಾರ್ಕ್ ತೋರಿಸುವ ದಿನ ಅವರನ್ನು ಆಫ್ರಿಕನ್ ಬರಿಯಲ್ ಗ್ರೌಂಡ್‌ಗೆ, ಅಂದರೆ ಗುಲಾಮಗಿರಿಯ ಕಾಲದಲ್ಲಿ ಇಲ್ಲಿನ ಕರಿಯರನ್ನು ಹೂಳುತ್ತಿದ್ದ ಹಳೆಯ ಸ್ಮಶಾನಕ್ಕೆ ಕರೆದುಕೊಂಡು ಹೋಗುತ್ತೇನೆ. ಟೈಮ್ಸ್ ಸ್ಕ್ವೇರ್ ಬೇಕು ಅಂತ ಅವರೇ ಕೇಳುತ್ತಾರೆ, ಇದನ್ನು ಯಾರೂ ಕೇಳುವುದಿಲ್ಲ, ಹೆಸರು ಕೇಳಿದ್ದರೆ ತಾನೇ!

ಅಲ್ಲಿ ಅಂಕಿಅಂಶದಿಂದ ಶುರು ಮಾಡುವುದಿಲ್ಲ. ಹುಲ್ಲು ಬೆಳೆದ ಏಳು ದಿಬ್ಬಗಳ ಮುಂದೆ ನಿಲ್ಲಿಸಿ ಒಬ್ಬ ಹೆಂಗಸಿನ ವಿಷಯ ಹೇಳುತ್ತೇನೆ. ಅವಳ ಹೆಸರು ಸಿಕ್ಕಿಲ್ಲ, ಸಂಶೋಧಕರು ಸಮಾಧಿಗೆ ಕೊಟ್ಟ ನಂಬರ್ 340. ಸೊಂಟದ ಸುತ್ತ ಗಾಜಿನ ಮಣಿಗಳು, ಕವಡೆಗಳು. ಹಲ್ಲುಗಳನ್ನು ಉಜ್ಜಿ ಆಕಾರ ಕೊಡಲಾಗಿತ್ತು, ಅದು ಆಫ್ರಿಕಾದ ಕೆಲವು ಕಡೆಯ ಪದ್ಧತಿ, ಹಾಗಾಗಿ ಅವಳು ಅಲ್ಲೇ ಹುಟ್ಟಿ ಇಲ್ಲಿಗೆ ಬಂದವಳಿರಬೇಕು. ಗುಲಾಮರ ಊರಲ್ಲಿ ಸತ್ತವಳನ್ನು ಯಾರೋ ಇಷ್ಟು ಪ್ರೀತಿಯಿಂದ ಮಣಿ ಸಮೇತ ಮಣ್ಣು ಮಾಡಿದ್ದಾರೆ. ಇದನ್ನು ಕೇಳಿದ ಮೇಲೆ ಮೊಬೈಲ್ ತೆಗೆಯುವವರು ಕಡಿಮೆ.

ಉಳಿದದ್ದು ಆಮೇಲೆ. 1697ರಲ್ಲಿ ಟ್ರಿನಿಟಿ ಚರ್ಚ್ ತನ್ನ ಅಂಗಳದಲ್ಲಿ ಕರಿಯರನ್ನು ಹೂಳಬಾರದು ಎಂದಿತು. ಅವರಿಗೆ ಸಿಕ್ಕಿದ್ದು ಊರ ಹೊರಗಿನ ಈ ಜಾಗ. ಮುಂದೆ ಕಾನೂನೂ ಬಂತು: ರಾತ್ರಿ ಹೂಳುವಂತಿಲ್ಲ, 12ಕ್ಕಿಂತ ಜಾಸ್ತಿ ಜನ ಸೇರುವಂತಿಲ್ಲ. ಅಂದಾಜು 15,000 ಜನ ಇಲ್ಲಿದ್ದಾರೆ. ಆಮೇಲೆ ಮೇಲೆ ಮಣ್ಣು ತುಂಬಿ ಊರು ಕಟ್ಟಿದರು, ಮರೆತರು. 1991ರಲ್ಲಿ ಸರ್ಕಾರಿ ಕಚೇರಿಗೆ ಪಾಯ ತೆಗೆಯುವಾಗ ಮೂಳೆಗಳು ಸಿಕ್ಕವು, ಆದರೂ ಕೆಲಸ ನಿಲ್ಲಿಸಲು ಕರಿಯ ಸಮುದಾಯದವರು ಬೀದಿಗೇ ಇಳಿಯಬೇಕಾಯಿತು. ಅವರು ಸುಮ್ನೆ ಇದ್ದಿದ್ದರೆ ಇವತ್ತು ಅಲ್ಲಿ ಕಟ್ಟಡವೊಂದೇ ಇರುತ್ತಿತ್ತು. ಹೊರತೆಗೆದ 419 ಜನರ ಅಸ್ಥಿಗಳ ಅಧ್ಯಯನ ವಾಷಿಂಗ್ಟನ್‌ನ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಬ್ಲೇಕಿ ನೇತೃತ್ವದಲ್ಲಿ ನಡೆಯಿತು. ಅವರಲ್ಲಿ ಅರ್ಧದ ಹತ್ತಿರ ಮಕ್ಕಳು. ಈ ಮಾತನ್ನು ಮಾತ್ರ ನಾನು ನಿಧಾನವಾಗಿ ಹೇಳುತ್ತೇನೆ.

2003ರ ಅಕ್ಟೋಬರ್‌ನಲ್ಲಿ ಘಾನಾದಲ್ಲಿ ಕೆತ್ತಿದ ಮರದ ಪೆಟ್ಟಿಗೆಗಳಲ್ಲಿ ಅವರನ್ನು ವಾಷಿಂಗ್ಟನ್‌ನಿಂದ ಮೆರವಣಿಗೆಯಲ್ಲಿ ತಂದು ಮತ್ತೆ ಇಲ್ಲೇ ಹೂತರು. ದಿಬ್ಬಗಳ ಕೆಳಗಿರುವುದು ಅವರೇ. ಪಕ್ಕದ ಕಲ್ಲಿನ ಸ್ಮಾರಕ ರಾಡ್ನಿ ಲಿಯಾನ್ ವಿನ್ಯಾಸ, 2007ರಲ್ಲಿ ತೆರೆಯಿತು. ಅಲ್ಲಿ ಹಿರಿಯರಿಗೆ ನೀರೆರೆಯಲೆಂದೇ ಒಂದು ಜಾಗವಿದೆ, ನಮ್ಮಲ್ಲಿ ತರ್ಪಣ ಬಿಡುವ ಹಾಗೆ. ಒಮ್ಮೆ ನಮ್ಮತ್ತೆ "ನಾವೂ ಬಿಡಬಹುದಾ?" ಅಂದರು. ಅದು ಅವರ ವಂಶದವರು ಮಾಡುವುದು ಅತ್ತೆ, ನಾವು ಕೈಮುಗಿದು ನಿಂತರೆ ಸಾಕು ಅಂದೆ. ಈಗಲೂ ನನ್ನ ಅಭಿಪ್ರಾಯ ಅದೇ.

ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಮಾತು ಪ್ರತಿ ಸಲ ಬರುತ್ತದೆ. ಅವರ ಹಿರಿಯರಲ್ಲೂ ಎಷ್ಟೋ ಜನರನ್ನು ಪೋರ್ಚುಗೀಸರು ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ತಂದವರು ಅಲ್ವಾ. ಆ ಮಾತು ಶುರುವಾದರೆ ನಾನು ತಡೆಯುವುದಿಲ್ಲ, ವಾಪಸ್ ರೈಲಿನಲ್ಲೂ ಅದೇ ನಡೆಯುತ್ತದೆ.

ಹೋಗುವವರಿಗೆ: ಪ್ರವೇಶ ಉಚಿತ. ಒಳಗಿನ ಪ್ರದರ್ಶನ 290 ಬ್ರಾಡ್‌ವೇ ಕಟ್ಟಡದಲ್ಲಿದೆ, ಬಾಗಿಲಲ್ಲಿ ಬ್ಯಾಗ್ ತಪಾಸಣೆ ಇರುತ್ತದೆ. ಮೊದಲು ದಿಬ್ಬಗಳ ಹತ್ತಿರ ನಿಂತು, ಆಮೇಲೆ ಒಳಗೆ ಹೋಗಿ.