ಸಿರಪ್ಪಿಗೆ ದುಡ್ಡು ಕೇಳಲಿಲ್ಲ: ಅಂಗನವಾಡಿ ಮಕ್ಕಳ ರಕ್ತಹೀನತೆ ತಡೆಗೆ ಸಿಎಸ್‌ಆರ್ ಅನುದಾನ

ಮಕ್ಕಳ ರಕ್ತಹೀನತೆ ತಡೆಯಲು ಕಂಪನಿಗಳ ಸಿಎಸ್‌ಆರ್ ಹಣ (ಲಾಭದಲ್ಲಿ ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕಾದ ಪಾಲು) ಕೇಳಲು ಹೋದರೆ ಮೊದಲು ಎದುರಾಗುವ ಪ್ರಶ್ನೆ: ‘ಇದನ್ನೆಲ್ಲ ಸರ್ಕಾರವೇ ಕೊಡುತ್ತಲ್ಲ?’ ಕೊಡುತ್ತದೆ. 2018ರಲ್ಲಿ ಶುರುವಾದ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ 6 ತಿಂಗಳಿಂದ 5 ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆರಡು ಸಲ 1 ಎಂಎಲ್ ಕಬ್ಬಿಣಾಂಶದ ಸಿರಪ್ ಪುಕ್ಕಟೆ, ವರ್ಷ ತುಂಬಿದವರಿಗೆ ಜಂತುಹುಳು ಮಾತ್ರೆಯೂ ಪುಕ್ಕಟೆ. ಆದರೂ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (ಎನ್‌ಎಫ್‌ಎಚ್‌ಎಸ್-5, 2019-21) ಪ್ರಕಾರ ಕರ್ನಾಟಕದ ಈ ವಯಸ್ಸಿನ ಮಕ್ಕಳಲ್ಲಿ ಶೇ 65.5ರಷ್ಟು ಮಂದಿಗೆ ರಕ್ತಹೀನತೆ. ಹಾಗಾಗಿ ನಮ್ಮ ಸಂಸ್ಥೆಯ ಅರ್ಜಿಯಲ್ಲಿ ಔಷಧಕ್ಕೆ ಒಂದು ರೂಪಾಯಿಯೂ ಇರಲಿಲ್ಲ. ಬಾಟಲಿ ಮನೆ ಸೇರಿದ ಮೇಲಿನ ಕೆಲಸಕ್ಕಷ್ಟೇ ಕೇಳಿದೆವು.

50 ಎಂಎಲ್ ಬಾಟಲಿ ಲೆಕ್ಕಕ್ಕೆ 25 ವಾರ ಬರಬೇಕು. ಮಗುವಿನ ಮಲ ಕಪ್ಪಾಯಿತೆಂದು ಹೆದರಿ ತಾಯಂದಿರು ನಡುವೆಯೇ ನಿಲ್ಲಿಸಿಬಿಡುತ್ತಾರೆ. ಬಾಟಲಿಯ ಮೇಲೆ ಮಾರ್ಕರ್‌ನಲ್ಲಿ ತಿಂಗಳ ಗೆರೆ ಎಳೆದು, ಮನೆಭೇಟಿಯಲ್ಲಿ ಮಟ್ಟ ನೋಡುವುದು ನಮ್ಮ ಕ್ರಮ. ‘ಕೊಡ್ತಿದೀವಿ’ ಎಂಬ ಉತ್ತರಕ್ಕಿಂತ ಗೆರೆ ನಂಬಿಕಸ್ಥ. ಬಜೆಟ್ಟಿನ ದೊಡ್ಡ ಪಾಲು ಈ ಭೇಟಿ ಮಾಡುವ ಕಾರ್ಯಕರ್ತೆಯರ ಗೌರವಧನಕ್ಕೇ ಹೋಗುತ್ತದೆ, ಹೋಗಬೇಕು ಕೂಡ.

ಉಳಿದದ್ದು ಹಿಮೋಗ್ಲೋಬಿನ್ ಮೀಟರ್ ಮತ್ತು ಕ್ಯುವೆಟ್‌ಗಳಿಗೆ (ರಕ್ತದ ಹನಿ ಹಿಡಿದು ಮೀಟರಿಗೆ ಹಾಕುವ, ಪರೀಕ್ಷೆಗೊಂದರಂತೆ ಬೇಕಾಗುವ ಪುಟ್ಟ ಪಟ್ಟಿ). 600 ಮಕ್ಕಳಿದ್ದರೆ ಮೊದಲ ಸುತ್ತಿಗೇ 600 ಬೇಕು, ಅಷ್ಟೇ ಸಾಲದು. ಹಿಮೋಗ್ಲೋಬಿನ್ ಡೆಸಿಲೀಟರಿಗೆ 11 ಗ್ರಾಂಗಿಂತ ಕಡಿಮೆ ಬಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ (ಪಿಎಚ್‌ಸಿ) ಕಳಿಸಬೇಕು, ಅವರಿಗೆ ಬೇಕಾದದ್ದು ಚಿಕಿತ್ಸೆಯ ಡೋಸು. ಎರಡು ತಿಂಗಳ ನಂತರ ಅವರನ್ನು ಮತ್ತೆ ಪರೀಕ್ಷಿಸಬೇಕು. ಅಂಥವರು 400 ಎಂದಿಟ್ಟು, ಕೊನೆಯ ಸುತ್ತಿನ 600 ಸೇರಿಸಿ, ಹಾಳಾಗುವುದಕ್ಕೆ ಶೇ 10 ಕೂಡಿಸಿದರೆ 1,760. ಮಳೆಗಾಲದಲ್ಲಿ ಕ್ಯುವೆಟ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ತೇವಕ್ಕೆ ಕೆಡುತ್ತವೆ. ರಕ್ತ ತೆಗೆಯುವಾಗ ಬೆರಳು ಹಿಂಡಿದರೆ ರಕ್ತಕ್ಕೆ ನೀರಂಶ ಸೇರಿ ಅಂಕಿ ಇಳಿಯುತ್ತದೆ. ಮೊದಲ ಸುತ್ತಿನಲ್ಲಿ ಹಿಂಡಿ, ಕೊನೆಯ ಸುತ್ತಿನಲ್ಲಿ ಸರಿಯಾಗಿ ತೆಗೆದರೆ ಇಲ್ಲದ ಸುಧಾರಣೆ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ತರಬೇತಿಗೆ ಬೇರೆಯೇ ಹಣ ಇಡಿ.

ಕಾಗದಪತ್ರ: ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಸಿಎಸ್‌ಆರ್ ಹಣ ಪಡೆಯುವ ಸಂಸ್ಥೆಗಳ ಸಿಎಸ್‌ಆರ್-1 ನೋಂದಣಿ. ಅಂಗನವಾಡಿಯೊಳಗೆ ಕಾಲಿಡಲು ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಪತ್ರ, ಪಿಎಚ್‌ಸಿ ನಂಟಿಗೆ ತಾಲ್ಲೂಕು ಆರೋಗ್ಯಾಧಿಕಾರಿಯ ಪತ್ರ. ಇಲಾಖೆ ಎರಡು, ಒಂದರ ಪತ್ರ ಇನ್ನೊಂದಕ್ಕೆ ನಡೆಯದು.

ಕೆಲವು ಕಂಪನಿಗಳಿಗೆ ಹಣ ನೆನಪಾಗುವುದು ಫೆಬ್ರುವರಿಯಲ್ಲಿ, ಖರ್ಚು ತೋರಿಸಬೇಕಾದದ್ದು ಮಾರ್ಚ್ 31ಕ್ಕೆ. ಒಪ್ಪಂದದಲ್ಲೇ ‘ಆನ್‌ಗೋಯಿಂಗ್ ಪ್ರಾಜೆಕ್ಟ್’ (ಒಂದು ವರ್ಷ ಮೀರಿ ನಡೆಯುವ ಯೋಜನೆ) ಎಂದು ಬರೆಸಿಕೊಳ್ಳಿ. ಉಳಿದ ಮೊತ್ತವನ್ನು ಕಂಪನಿ ಬೇರೆ ಖಾತೆಗೆ ಹಾಕಿ ಮುಂದಿನ 3 ವರ್ಷದೊಳಗೆ ಖರ್ಚು ಮಾಡಬಹುದು. ಇಲ್ಲವಾದರೆ ಕ್ಯುವೆಟ್‌ಗಳನ್ನೆಲ್ಲ ಒಟ್ಟಿಗೇ ಕೊಳ್ಳಬೇಕಾಗುತ್ತದೆ, ಕೊನೆಯ ಸುತ್ತಿಗೆ ಇಟ್ಟವುಗಳ ಅವಧಿ ಅಷ್ಟರಲ್ಲಿ ಮುಗಿದಿರಲೂಬಹುದು.