ಹೊಡೆತ ತಿಂದ ಹೆಣ್ಣುಮಕ್ಕಳ ನೆರವಿಗೆ ಪಂಚಾಯ್ತಿಯಲ್ಲಿ ದುಡ್ಡು ಎತ್ತಿಡಿಸುವುದು ಹೇಗೆ?

ಗ್ರಾಮ ಪಂಚಾಯ್ತಿಗೆ ಹೋಗಿ ಕೌಟುಂಬಿಕ ದೌರ್ಜನ್ಯಕ್ಕೆ ಅನುದಾನ ಕೊಡಿ ಅಂದರೆ ನಮ್ಮ ಕಡೆ ಸಾಮಾನ್ಯವಾಗಿ ಬರುವ ಉತ್ತರ ಒಂದೇ. "ಅದು ನಮ್ಮ ಕೆಲಸ ಅಲ್ರೀ, ಸಿಡಿಪಿಒ ಆಫೀಸಿಗೆ ಹೋಗ್ರಿ." (ಸಿಡಿಪಿಒ ಅಂದರೆ ತಾಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ.) ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಯ ಸಂಘದ ಅಕ್ಕಂದಿರು ಈ ಮಾತು ಕೇಳಿಯೇ ಇರುತ್ತೀರಿ. ಅದು ಅರ್ಧ ಸತ್ಯ ಅಷ್ಟೇ. ಉಳಿದರ್ಧ ಪಂಚಾಯ್ತಿಯದೇ ಕೆಲಸ, ಅದಕ್ಕೆ ದುಡ್ಡೂ ಇದೆ. ಕೇಳುವ ರೀತಿ ಗೊತ್ತಿರಬೇಕು.

ಮೊದಲು, ಏನನ್ನು ಕೇಳಬಾರದು ಅಂತ ತಿಳ್ಕೊಳ್ಳಿ. ದೌರ್ಜನ್ಯಕ್ಕೆ ಒಳಗಾದ ಹೆಣ್ಣುಮಕ್ಕಳಿಗೆ ಒಂದೇ ಕಡೆ ನೆರವು ಕೊಡುವ ಸಖಿ ಒನ್ ಸ್ಟಾಪ್ ಕೇಂದ್ರ 2015ರಲ್ಲಿ ಶುರುವಾದ ಕೇಂದ್ರ ಸರ್ಕಾರದ ಯೋಜನೆ, ಅದರ ಖರ್ಚು ಅಲ್ಲಿಂದಲೇ ಬರುತ್ತದೆ. ಅಲ್ಲಿ ಐದು ದಿನದವರೆಗೆ ಉಳಿಯಬಹುದು. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ಪ್ರಕಾರ ದೂರಿನ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕಾದವರು ಸಂರಕ್ಷಣಾಧಿಕಾರಿ. ನಮ್ಮ ತಾಲೂಕುಗಳಲ್ಲಿ ಸಿಡಿಪಿಒಗೇ ಆ ಹೊಣೆ ಇದೆ, ಅವರ ಸಂಬಳ ರಾಜ್ಯ ಸರ್ಕಾರದ್ದು. ವಕೀಲರನ್ನು ಕಾನೂನು ಸೇವಾ ಪ್ರಾಧಿಕಾರ ಉಚಿತವಾಗಿ ಕೊಡುತ್ತದೆ, ಹೆಣ್ಣುಮಕ್ಕಳಿಗೆ ಆದಾಯದ ಮಿತಿಯೂ ಇಲ್ಲ. ಇದನ್ನೆಲ್ಲ ಪಂಚಾಯ್ತಿಗೆ ಕೇಳಿದರೆ ಅರ್ಜಿ ಅಲ್ಲೇ ಬೀಳುತ್ತದೆ.

ಹಾಗಾದರೆ ಉಳಿದದ್ದೇನು? ಮನೆಯ ಹೊಸ್ತಿಲಿಂದ ಈ ಬಾಗಿಲುಗಳವರೆಗಿನ ದಾರಿ. ಅಥಣಿಯಿಂದ ಬೆಳಗಾವಿಗೆ ನೂರು ಕಿಲೋಮೀಟರಿಗೂ ಜಾಸ್ತಿ. 112ಕ್ಕೆ ಫೋನ್ ಮಾಡಿದರೆ ಪೊಲೀಸ್ ಗಾಡಿ ಬರುತ್ತದೆ, ನಿಜ. ಆದರೆ ಮರುದಿನ ಆಸ್ಪತ್ರೆಗೆ, ಅದರ ಮರುವಾರ ಸಿಡಿಪಿಒ ಆಫೀಸಿಗೆ, ಆಮೇಲೆ ಕೋರ್ಟಿನ ಒಂದೊಂದು ತಾರೀಖಿಗೂ ಆಕೆ ಯಾರ ದುಡ್ಡಿನಲ್ಲಿ ಓಡಾಡಬೇಕು? ಬಸ್ ಫ್ರೀ ಇದೆಯಲ್ಲ ಅಂತ ಗ್ರಾಮಸಭೆಯಲ್ಲಿ ಯಾರಾದರೂ ಕೇಳೇ ಕೇಳುತ್ತಾರೆ. ಶಕ್ತಿ ಯೋಜನೆಯ ಟಿಕೆಟಿಗೆ ಗುರುತಿನ ಚೀಟಿ ತೋರಿಸಬೇಕು. ಉಟ್ಟ ಸೀರೆಯಲ್ಲೇ, ಮಗುವನ್ನು ಎತ್ತಿಕೊಂಡು ಹೊರಬಿದ್ದವಳ ಆಧಾರ್ ಕಾರ್ಡು ಗಂಡನ ಮನೆಯ ಟ್ರಂಕಿನಲ್ಲೇ ಉಳಿದಿರುತ್ತದೆ, ಅಲ್ವಾ? ಈ ಮಾತನ್ನು ಸಭೆಯಲ್ಲಿ ಹೇಳಿ. ಕೂತವರಿಗೆ ತಕ್ಷಣ ಅರ್ಥವಾಗುತ್ತದೆ.

ಹಾಗಾಗಿ ಕೇಳಬೇಕಾದದ್ದು ಸಣ್ಣದು, ಸ್ಪಷ್ಟವಾದದ್ದು. ಗಾಡಿ ಬಾಡಿಗೆ. ಮೊದಲ ಎರಡು ಮೂರು ದಿನದ ಊಟ, ಬಟ್ಟೆ, ಔಷಧಿ, ಜೆರಾಕ್ಸ್ ಖರ್ಚು. 181 (ಮಹಿಳಾ ಸಹಾಯವಾಣಿ) ಮತ್ತು 112 ನಂಬರು ಬರೆಸಿದ ಗೋಡೆ ಫಲಕ, ಗಡಿ ಊರುಗಳಲ್ಲಿ ಮರಾಠಿಯಲ್ಲೂ. ಪಂಚಾಯ್ತಿ ಕಟ್ಟಡದಲ್ಲಿ ಬಾಗಿಲು ಹಾಕಿಕೊಂಡು ಮಾತಾಡಲು ಒಂದು ಕೋಣೆ. ಪಂಚಾಯ್ತಿಯೇ ಆಶ್ರಯಧಾಮ ತೆರೆಯಲಿ ಅಂತ ಮಾತ್ರ ಒತ್ತಾಯಿಸಬೇಡಿ. ಊರೊಳಗಿನ ಆಶ್ರಯದ ವಿಳಾಸ ಸಂಜೆಯೊಳಗೆ ಗಂಡನಿಗೆ ಗೊತ್ತಾಗುತ್ತದೆ, ಆಮೇಲೆ ಆಗುವ ಅನಾಹುತ ದೊಡ್ಡದು.

ಇನ್ನು ದುಡ್ಡಿನ ಮೂಲ. ಸಂವಿಧಾನದ 11ನೇ ಅನುಸೂಚಿಯಲ್ಲಿ ಪಂಚಾಯ್ತಿಗಳಿಗೆ ವಹಿಸಬಹುದಾದ 29 ವಿಷಯಗಳಿವೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಅದರಲ್ಲೊಂದು. "ನಮ್ಮ ಕೆಲಸ ಅಲ್ಲ" ಅನ್ನುವವರಿಗೆ ಇದೇ ಉತ್ತರ. ಮೊದಲು ಕೈ ಹಾಕಬೇಕಾದದ್ದು ಸ್ವಂತ ಸಂಪನ್ಮೂಲಕ್ಕೆ, ಅಂದರೆ ಮನೆ ತೆರಿಗೆ, ಮಳಿಗೆ ಬಾಡಿಗೆಯಿಂದ ಬರುವ ದುಡ್ಡಿಗೆ. ಹಣಕಾಸು ಆಯೋಗದ ದುಡ್ಡಿಗೆ ಕಟ್ಟುಪಾಡು ಜಾಸ್ತಿ. 2026ರ ಮಾರ್ಚ್‌ವರೆಗಿನ 15ನೇ ಆಯೋಗದ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಉಳಿದ ಶೇ. 40ರಲ್ಲಿ ಊರಿನ ಅಗತ್ಯ ನೋಡಿ ಖರ್ಚು ಮಾಡಬಹುದಿತ್ತು, ಆದರೆ ಸಂಬಳಕ್ಕೆ ಬಳಸುವಂತಿರಲಿಲ್ಲ. ಅದಕ್ಕೇ "ಒಬ್ಬ ಸಮಾಲೋಚಕಿಯನ್ನು ನೇಮಿಸಿ" ಅಂತ ಕೇಳುವುದಕ್ಕಿಂತ ಗಾಡಿ ಬಾಡಿಗೆ ಕೇಳುವುದು ಒಳ್ಳೆಯದು.

ಪೇಟೆಯಲ್ಲಿದ್ದವರಿಗೆ ದಾರಿ ಸ್ವಲ್ಪ ಬೇರೆ. ಬೆಳಗಾವಿ, ವಿಜಯಪುರ ಮಹಾನಗರ ಪಾಲಿಕೆ ಇರಲಿ, ನಮ್ಮ ನಗರಸಭೆ, ಪುರಸಭೆಗಳಿರಲಿ, ಶೇ. 24.10 ಅನುದಾನ ಪರಿಶಿಷ್ಟ ಜಾತಿ-ಪಂಗಡದವರಿಗೆ, ಶೇ. 7.25 ಇತರ ಬಡವರಿಗೆ, ಶೇ. 5 ಅಂಗವಿಕಲರಿಗೆ ಎತ್ತಿಡುತ್ತಾರೆ. ಬಜೆಟ್ ಪೂರ್ವಭಾವಿ ಸಭೆ ಕರೆದಾಗ ಈ ತಲೆಬರಹಗಳನ್ನೇ ಹೆಸರಿಸಿ ಆ ಗುಂಪಿನ ಹೆಣ್ಣುಮಕ್ಕಳ ನೆರವಿಗೆ ಕೇಳಿ, ನಿಮ್ಮ ವಾರ್ಡಿನ ಸದಸ್ಯರ ಸಹಿಯನ್ನೂ ಪತ್ರಕ್ಕೆ ಹಾಕಿಸಿ.

ಹಳ್ಳಿಯಲ್ಲಿ ಕಾಲ ನೋಡಿಕೊಂಡು ಹೋಗಬೇಕು. ಮುಂದಿನ ವರ್ಷದ ಪಂಚಾಯ್ತಿ ಯೋಜನೆಯ ತಯಾರಿ ಸಾಮಾನ್ಯವಾಗಿ ಅಕ್ಟೋಬರ್ 2ರ ಹೊತ್ತಿಗೆ ಶುರುವಾಗುತ್ತದೆ. ಮಹಿಳಾ ಗ್ರಾಮಸಭೆಯಲ್ಲಿ ವಿಷಯ ಎತ್ತಿ, ವಾರ್ಡ್ ಸಭೆಯಲ್ಲಿ ಮತ್ತೆ ಹೇಳಿ, ಗ್ರಾಮಸಭೆಯಲ್ಲಿ ಬರೆಸಿ. ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದವರು ವಿಪಿಆರ್‌ಪಿ ಅಂತ ಊರಿನ ಬೇಡಿಕೆಗಳ ಯೋಜನೆ ಕೊಡುತ್ತಾರಲ್ಲ, ಅದರಲ್ಲೂ ಇದನ್ನು ಸೇರಿಸಿ. ಅರ್ಜಿ ಉದ್ದ ಬೇಡ, ಇಷ್ಟು ಸಾಕು:

"ನಮ್ಮ ಪಂಚಾಯ್ತಿ ವ್ಯಾಪ್ತಿಯಲ್ಲಿ ಕೌಟುಂಬಿಕ ದೌರ್ಜನ್ಯಕ್ಕೆ ಒಳಗಾದ ಮಹಿಳೆಯರನ್ನು ಆಸ್ಪತ್ರೆ, ಸಖಿ ಕೇಂದ್ರ, ಸಂರಕ್ಷಣಾಧಿಕಾರಿ ಕಚೇರಿ ಹಾಗೂ ನ್ಯಾಯಾಲಯಕ್ಕೆ ಕರೆದೊಯ್ಯುವ ವಾಹನ ಬಾಡಿಗೆ ಮತ್ತು ತುರ್ತು ಖರ್ಚಿಗಾಗಿ ಸ್ವಂತ ಸಂಪನ್ಮೂಲದಿಂದ ಇಷ್ಟು ರೂಪಾಯಿ ಕಾಯ್ದಿರಿಸಿ, ಮುಂದಿನ ಸಾಲಿನ ಬಜೆಟ್ಟಿನಲ್ಲಿ ಸೇರಿಸಬೇಕಾಗಿ ವಿನಂತಿ."

"ಇಷ್ಟು" ಅನ್ನುವ ಜಾಗದಲ್ಲಿ ಅಂದಾಜಿನ ಮೊತ್ತ ಬರೆಯಬೇಡಿ. ನಿಮ್ಮೂರಿನ ಇಬ್ಬರು ಗಾಡಿಯವರಿಂದ ತಾಲೂಕಿಗೆ ಎಷ್ಟು, ಜಿಲ್ಲೆಗೆ ಎಷ್ಟು, ರಾತ್ರಿಗೆ ಎಷ್ಟು ಅಂತ ಚೀಟಿಯಲ್ಲಿ ಬರೆಸಿ ಲಗತ್ತಿಸಿ. ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಸಾಹೇಬರಿಗೆ ಕೊಟೇಶನ್ ಕಣ್ಣಿಗೆ ಬಿದ್ದರೆ ಕೆಲಸ ಹಗುರ. ಅರ್ಜಿಯ ನಕಲಿನ ಮೇಲೆ ಆವಕ ನಂಬರು, ಸಿಕ್ಕಾ (ಮೊಹರು) ಹಾಕಿಸಿಕೊಳ್ಳದೆ ಆಫೀಸಿನಿಂದ ಹೊರಗೆ ಬರಬೇಡಿ.

ಠರಾವು ಬರೆಯುವಾಗ ಪಕ್ಕದಲ್ಲೇ ಕೂತು ನೋಡಿ. "ವಿಷಯ ಚರ್ಚಿಸಲಾಯಿತು, ಮುಂದೆ ಪರಿಶೀಲಿಸಲಾಗುವುದು" ಅಂತ ಬರೆದರೆ ಏನೂ ಸಿಗಲಿಲ್ಲ ಅಂತಲೇ ಲೆಕ್ಕ. ಎಷ್ಟು ದುಡ್ಡು, ಯಾವ ಖಾತೆಯಿಂದ, ಯಾರು ಮಂಜೂರು ಮಾಡಬೇಕು, ರಾತ್ರಿ ಹೊತ್ತು ಯಾರ ಫೋನಿನ ಮಾತಿನ ಮೇಲೆ ಗಾಡಿ ಹೊರಡಬೇಕು, ಇವು ನಾಲ್ಕೂ ನಡಾವಳಿಯಲ್ಲಿ ಇರಬೇಕು. ಸಭೆ ಕರೆದು ಮಂಜೂರಾತಿ ಪಡೆಯಿರಿ ಅಂತ ಬರೆದರೆ ರಾತ್ರಿ ಹನ್ನೊಂದಕ್ಕೆ ಸಭೆ ಕರೆಯುವವರು ಯಾರು?

ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಬಿಲ್ಲಿನಲ್ಲಿ, ವೋಚರಿನಲ್ಲಿ, ನಡಾವಳಿಯಲ್ಲಿ ಆಕೆಯ ಹೆಸರು ಬರಕೂಡದು. ಪಂಚಾಯ್ತಿ ಲೆಕ್ಕ ಊರೆಲ್ಲ ನೋಡುವಂಥದ್ದು, ಜಮಾಬಂದಿಯಲ್ಲಿ, ಅಂದರೆ ವರ್ಷದ ಲೆಕ್ಕ ತಪಾಸಣೆಯ ಸಭೆಯಲ್ಲಿ ಓದುತ್ತಾರೆ, ಆನ್‌ಲೈನಿನಲ್ಲೂ ಹಾಕುತ್ತಾರೆ. ಹೆಸರಿನ ಬದಲು ಒಂದು ನಂಬರು ಹಾಕಿ, ನಂಬರು ಯಾರದು ಅನ್ನುವುದು ಸಿಡಿಪಿಒ ಹತ್ತಿರ ಮಾತ್ರ ಇರಲಿ. ಗ್ರಾಮಸಭೆಯಲ್ಲಿ ಯಾರನ್ನೂ ಎಬ್ಬಿಸಿ "ನಿನ್ನ ಕಷ್ಟ ಹೇಳು" ಅನ್ನಬೇಡಿ, ಸುಮ್ನೆ ಬಸ್ಸು ಮತ್ತು ದೂರದ ಲೆಕ್ಕ ಹೇಳಿದರೆ ಸಾಕು. ಹಿರಿಯರ ರಾಜಿ ಪಂಚಾಯ್ತಿಗೆ ಈ ದುಡ್ಡು ಹೋಗದಂತೆಯೂ ನೋಡಿಕೊಳ್ಳಿ. "ಹೊಂದಿಕೊಂಡು ಹೋಗವ್ವಾ" ಅಂತ ತಿರುಗಿ ಅದೇ ಮನೆಗೆ ಬಿಟ್ಟು ಬರುವ ಗಾಡಿಗೆ ನಾವು ಬಾಡಿಗೆ ಕೇಳುತ್ತಿಲ್ಲ.

ದುಡ್ಡು ಎತ್ತಿಟ್ಟೂ ಖರ್ಚು ಮಾಡದಿದ್ದರೆ ಜಮಾಬಂದಿಯಲ್ಲಿ ಎದ್ದು ಕೇಳಿ. ಅಲ್ಲೂ ಜಾರಿಕೊಂಡರೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. 10 ರೂಪಾಯಿ ಶುಲ್ಕ, 30 ದಿನದೊಳಗೆ ಉತ್ತರ ಬರಬೇಕು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ, ಹಾಗಾಗಿ ಠರಾವಿನ ದಿನಾಂಕ ಬರೆದು ಆ ಬಾಬತ್ತಿಗೆ ಎಷ್ಟು ಇಟ್ಟಿದ್ದರು, ಎಷ್ಟು ಖರ್ಚಾಯಿತು ಅಂತ ಅಷ್ಟನ್ನೇ ಕೇಳಿ.