ತಲೆನೋವಿನ ಲೆಕ್ಕ ಇಡುವುದು ಹೇಗೆ? ಜೊತೆಗೆ ಗುಳಿಗೆಯ ಲೆಕ್ಕವೂ ಇರಲಿ

ನಮ್ಮ ಕಡೆ ತಲೆನೋವು ಬಂದರೆ ಮೊದಲು ಬೈಸಿಕೊಳ್ಳುವುದು ಬಿಸಿಲು. ಬಳ್ಳಾರಿ, ರಾಯಚೂರಿನಲ್ಲಿ ಬೇಸಿಗೆ 40 ಡಿಗ್ರಿ ದಾಟುವಾಗ ಅದು ಸಹಜವೇ. ಆದರೆ ಡಿಸೆಂಬರಿನಲ್ಲೂ ತಲೆ ಸಿಡಿಯುತ್ತಿದ್ದರೆ? ಬೇರೆ ಏನೋ ಇದೆ ಅಂತಾಯಿತು. ಅದನ್ನು ನೆನಪಿನ ಮೇಲೆ ಹುಡುಕುವುದು ಕಷ್ಟ, ಬರೆದಿಟ್ಟರೆ ಸಿಗುತ್ತದೆ.

ಅರೆತಲೆನೋವು ಅಂದರೆ ಮೈಗ್ರೇನ್ ರಕ್ತಪರೀಕ್ಷೆಯಲ್ಲಿ ಸಿಗುವ ಕಾಯಿಲೆಯಲ್ಲ. ಸ್ಕ್ಯಾನಿನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ನಾವು ಹೇಳುವ ವಿವರದ ಮೇಲೆಯೇ ಡಾಕ್ಟರು ಅದನ್ನು ಗುರುತಿಸಬೇಕು. ಆದರೆ ಪಾಳಿ ಹಚ್ಚಿ ಒಳಗೆ ಹೋದಾಗ ಸಿಗುವುದು ಕೆಲವೇ ನಿಮಿಷ. ತಿಂಗಳಿಗೆ ಎಷ್ಟು ದಿನ ಬರುತ್ತೆ ಅಂತ ಕೇಳಿದರೆ ‘ಆಗಾಗ ಬರುತ್ತೆ ಸರ್’ ಅಂತೀವಿ. ಅಷ್ಟರಲ್ಲಿ ಅವರಾದರೂ ಏನು ಮಾಡಿಯಾರು?

ಇವಕ್ಕೆ ಕಾಯಬೇಡಿ

ಕೆಲವು ತಲೆನೋವನ್ನು ಬರೆಯುತ್ತಾ ಕೂರಬಾರದು, ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಿಂದೆಂದೂ ಬಾರದಷ್ಟು ಜೋರಾಗಿ ಒಮ್ಮೆಲೇ ಬಂದದ್ದು. ಜ್ವರದ ಜೊತೆ ಕತ್ತು ಬಿಗಿದದ್ದು. ಕೈಕಾಲು ಸೋಲುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು, ಫಿಟ್ಸ್. ತಲೆಗೆ ಪೆಟ್ಟು ಬಿದ್ದ ಮೇಲೆ ಬಂದದ್ದು. ಬಸುರಿಯರಿಗೆ ಜೋರಾಗಿ ಬಂದದ್ದು. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ಬೇಗ ತೋರಿಸಿ.

ಗೋಡೆಯ ಕ್ಯಾಲೆಂಡರಿನಿಂದ ಶುರು ಮಾಡಿ

ಆ್ಯಪ್ ಬಳಸುವವರು ಬಳಸಲಿ. ಆದರೆ ತಲೆ ಸಿಡಿಯುವಾಗ ಮೊಬೈಲ್ ಬೆಳಕು ನೋಡುವುದೇ ಹಿಂಸೆ. ನನಗೆ ಕೇಳಿದರೆ ಅಡುಗೆಮನೆಯ ಕ್ಯಾಲೆಂಡರೇ ಒಳ್ಳೆಯದು. ಹಾಲಿನ ಲೆಕ್ಕ ಬರೆಯುವ ಅದೇ ಪೆನ್ನಿನಿಂದ ತಲೆನೋವು ಬಂದ ದಿನಕ್ಕೆ ಒಂದು ಸುತ್ತು ಹಾಕಿ. ಇನ್ನೊಂದು ಅನುಕೂಲ ಅಂದರೆ ಏಕಾದಶಿ, ಶ್ರಾವಣ ಸೋಮವಾರ ಎಲ್ಲ ಅದರಲ್ಲೇ ಅಚ್ಚಾಗಿರುತ್ತವೆ. ಉಪವಾಸಕ್ಕೂ ತಲೆನೋವಿಗೂ ನಂಟಿದ್ದರೆ ಒಂದೇ ನೋಟಕ್ಕೆ ತಿಳಿಯುತ್ತದೆ. ಮುಟ್ಟಿನ ಮೊದಲ ದಿನಕ್ಕೂ ಒಂದು ಗುರುತು ಹಾಕಿ. ಮುಟ್ಟಿಗೆ ಎರಡು ದಿನ ಮೊದಲಿನಿಂದ ಮೂರನೇ ದಿನದವರೆಗೆ ಬರುವ ಮೈಗ್ರೇನ್ ಬಹಳ ಹೆಂಗಸರಲ್ಲಿ ಇದೆ. ಮೂರು ತಿಂಗಳ ಗುರುತಿದ್ದರೆ ಡಾಕ್ಟರಿಗೆ ಅದು ಸ್ಪಷ್ಟವಾಗುತ್ತದೆ.

ವಿವರ ಬರೆಯಲು ಒಂದು ಸಣ್ಣ ನೋಟ್‌ಬುಕ್ ಸಾಕು. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಹೆಣ್ಣುಮಗಳೊಬ್ಬಳು ಬರೆದರೆ ಅದು ಹೀಗಿರಬಹುದು:

‘ಮಂಗಳವಾರ. ಮಧ್ಯಾಹ್ನ 3ಕ್ಕೆ ಶುರು. ಎಡಗಣ್ಣಿನ ಹಿಂದೆ ಬಡಿತ. ಹತ್ತಕ್ಕೆ 7. ಓಕರಿಕೆ, ಮಷಿನ್ ಸದ್ದು ಸಹಿಸಲಿಲ್ಲ. ರಾತ್ರಿ ಕರೆಂಟ್ ಇರಲಿಲ್ಲ, ನಿದ್ದೆ 4 ತಾಸು. ಬೆಳಿಗ್ಗೆ ಬರೀ ಚಹಾ. ಗುಳಿಗೆ 3.30ಕ್ಕೆ ಒಂದು. 5.30ಕ್ಕೆ ನೋವು 3.’

ಇಷ್ಟೇ. ನೋವು ಹತ್ತರಲ್ಲಿ ಎಷ್ಟು, ಒಂದು ಕಡೆಯೋ ಎರಡೂ ಕಡೆಯೋ, ಬಡಿತವೋ ಪಟ್ಟಿ ಕಟ್ಟಿದ ಹಾಗೆ ಬಿಗಿತವೋ, ಎದ್ದು ಓಡಾಡಿದರೆ ಜಾಸ್ತಿಯಾಗುತ್ತದೋ, ಯಾವಾಗ ಇಳಿಯಿತು ಅನ್ನುವುದು ಮುಖ್ಯ. ಔಷಧ ತಗೊಳ್ಳದಿದ್ದರೆ ದೊಡ್ಡವರಲ್ಲಿ ಮೈಗ್ರೇನ್ 4ರಿಂದ 72 ತಾಸು ಇರುತ್ತದೆ. ನೋವಿಗೆ ಮೊದಲು ಕಣ್ಣ ಮುಂದೆ ಅಂಕುಡೊಂಕು ಗೆರೆ ಮಿಂಚಿದರೆ ಅದು ಎಷ್ಟು ನಿಮಿಷ ಇತ್ತು ಅಂತಲೂ ಬರೆಯಿರಿ. ಶಕ್ತಿನಗರದ ಸ್ಥಾವರ, ಹಟ್ಟಿ ಗಣಿ, ತೋರಣಗಲ್ಲಿನ ಕಾರ್ಖಾನೆಯಲ್ಲಿ ದುಡಿಯುವವರು ಅವತ್ತಿನ ಶಿಫ್ಟ್ ಯಾವುದು ಅಂತ ಸೇರಿಸಲೇಬೇಕು. ನಿದ್ದೆಯ ಹೊತ್ತು ಬದಲಾಗುವುದೂ ಮೈಗ್ರೇನ್ ಕೆರಳಿಸುತ್ತದೆ.

ಗುಳಿಗೆಯ ಲೆಕ್ಕ

ಎಲ್ಲರೂ ಬಿಟ್ಟುಬಿಡುವುದು ಇದನ್ನೇ, ಬಿಡಬಾರದ್ದೂ ಇದೇ. ಕಿರಾಣಿ ಅಂಗಡಿಯಲ್ಲಿ ಒಂದು, ಮೆಡಿಕಲ್‌ನಲ್ಲಿ ಇನ್ನೊಂದು ಅಂತ ಕೇಳಿ ನುಂಗಿದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ. ಆದರೆ ನೋವಿನ ಗುಳಿಗೆಯೇ ಅತಿಯಾದರೆ ಅದರಿಂದಲೇ ತಲೆನೋವು ಬರುತ್ತದೆ. ಪ್ಯಾರಾಸಿಟಮಾಲ್, ಐಬುಪ್ರೊಫೆನ್‌ನಂಥದ್ದನ್ನು ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಎರಡು ಮೂರು ಔಷಧ ಬೆರೆಸಿದ ಗುಳಿಗೆ ಇಲ್ಲವೇ ಮೈಗ್ರೇನಿಗೆಂದೇ ಇರುವ ಸುಮಾಟ್ರಿಪ್ಟಾನ್‌ನಂಥದ್ದನ್ನು 10 ದಿನ ಅಥವಾ ಜಾಸ್ತಿ, ಹೀಗೆ ಮೂರು ತಿಂಗಳು ಮೀರಿ ತಗೊಂಡವರಿಗೆ ಈ ಅಪಾಯ ಇದೆ. ಇವತ್ತಿನ ನೋವಿಗೆ ನುಂಗುತ್ತೀರಿ, ನಾಳೆ ಮತ್ತೆ ಬರುತ್ತದೆ, ಮತ್ತೆ ನುಂಗುತ್ತೀರಿ. ವರ್ಷಗಟ್ಟಲೆ ಹೀಗೆ ನರಳುವವರನ್ನು ನೋಡಿದರೆ ಸಂಕಟವಾಗುತ್ತದೆ.

ಅಂಗಡಿಯವರು ಪಟ್ಟಿಯಿಂದ ಕತ್ತರಿಸಿ ಒಂದೆರಡು ಗುಳಿಗೆ ಕೊಟ್ಟರೆ ಹೆಸರೇ ಇರುವುದಿಲ್ಲ, ಅಲ್ವಾ? ಅಲ್ಲೇ ಇಡೀ ಪಟ್ಟಿಯ ಫೋಟೊ ತೆಗೆದುಕೊಳ್ಳಿ. ಹೆಸರು, ಎಷ್ಟು ಮಿಲಿಗ್ರಾಂ, ಎಷ್ಟು ಗಂಟೆಗೆ, ಎರಡು ತಾಸಿನ ಮೇಲೆ ನೋವು ಎಷ್ಟಿತ್ತು ಅಂತ ಬರೆಯಿರಿ. ಗುಳಿಗೆ ಅತಿಯಾಗಿದೆ ಅನ್ನಿಸಿದರೂ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಮೊದಮೊದಲು ನೋವು ಜಾಸ್ತಿಯಾಗಬಹುದು, ಡಾಕ್ಟರನ್ನು ಕೇಳಿಯೇ ನಿಲ್ಲಿಸಿ.

ಬರೆದದ್ದನ್ನು ಓದುವುದು

ಒಂದು ತಿಂಗಳಾದ ಮೇಲೆ ಕೂತು ನೋಡಿ. ಇಲ್ಲಿ ಅವಸರ ಬೇಡ. ಸಂಜೆ ಒಗ್ಗರಣೆ-ಮಿರ್ಚಿ ತಿಂದಿರಿ, ರಾತ್ರಿ ತಲೆನೋವು ಬಂತು. ಮಿರ್ಚಿಯೇ ಕಾರಣ ಅಂತ ಅದನ್ನು ಬಿಟ್ಟುಬಿಡುವ ಮೊದಲು, ತಿಂದೂ ತಲೆನೋವು ಬಾರದ ದಿನ ಎಷ್ಟಿವೆ ಎಣಿಸಿ. ಅದಕ್ಕೇ ಚೆನ್ನಾಗಿದ್ದ ದಿನಗಳ ಊಟ, ನಿದ್ದೆಯನ್ನೂ ಒಂದು ಸಾಲು ಬರೆದಿಡಬೇಕು. ಕೆಲವು ಸಲ ಲೆಕ್ಕ ತಿರುವುಮುರುವಾಗಿರುತ್ತದೆ. ನೋವಿಗೆ ಒಂದು ದಿನ ಮೊದಲೇ ಆಕಳಿಕೆ, ಕತ್ತು ಬಿಗಿತ, ಸಿಟ್ಟು, ಸಿಹಿ ತಿನ್ನುವ ಆಸೆ ಬರುವುದುಂಟು. ಆಗ ಸಿಹಿ ತಿಂದದ್ದಕ್ಕೆ ನೋವು ಬಂತು ಅನ್ನುವಂತಿಲ್ಲ, ಒಳಗೆ ಮೈಗ್ರೇನ್ ಆಗಲೇ ಶುರುವಾಗಿರುತ್ತದೆ.

ಬಿಸಿಲೂ ಹಾಗೇ. ಉಂಡು, ನೀರು ಕುಡಿದು ಹೊಲಕ್ಕೆ ಹೋದ ದಿನ ಏನೂ ಆಗದೆ, ಬರಿ ಹೊಟ್ಟೆಯಲ್ಲಿ ಹೋದ ದಿನವೇ ನೋವು ಬಂದಿದ್ದರೆ ಬಿಸಿಲನ್ನು ತಡೆಯಲಾಗದಿದ್ದರೂ ಊಟವನ್ನು ಹೊತ್ತಿಗೆ ಮಾಡಬಹುದು. ಉಪವಾಸ ಬಿಡಲೇಬೇಕು ಅಂತಿಲ್ಲ. ಹಾಲು, ಹಣ್ಣು, ನೀರು ತಗೊಂಡು ಮುಂದಿನ ಸೋಮವಾರ ಏನಾಗುತ್ತದೆ ನೋಡಿ.

ಡಾಕ್ಟರ ಬಳಿ ಹೋಗುವಾಗ ಮೊದಲ ಪುಟದಲ್ಲಿ ಮೂರು ಅಂಕಿ ದೊಡ್ಡದಾಗಿ ಬರೆದುಕೊಳ್ಳಿ: ತಿಂಗಳಲ್ಲಿ ತಲೆನೋವಿನ ದಿನ ಎಷ್ಟು, ಗುಳಿಗೆ ನುಂಗಿದ ದಿನ ಎಷ್ಟು, ಕೆಲಸ ತಪ್ಪಿದ ದಿನ ಎಷ್ಟು. ತಿಂಗಳಿಗೆ 4 ದಿನ ಅಥವಾ ಜಾಸ್ತಿ ಮೈಗ್ರೇನ್ ಇದ್ದರೆ, ಬಾರದಂತೆ ತಡೆಯುವ ಔಷಧದ ಬಗ್ಗೆ ಕೇಳಿ. ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನಾರಿಜಿನ್ ಅಂಥವು. ಅಸ್ತಮಾ ಇದ್ದರೆ, ಬಸುರಿಯಾಗಿದ್ದರೆ ತಪ್ಪದೇ ಹೇಳಿ. ಈ ಔಷಧಗಳು ಎರಡು ದಿನದಲ್ಲಿ ಗುಣ ತೋರಿಸುವುದಿಲ್ಲ, ಎರಡು ತಿಂಗಳಾದರೂ ಬೇಕು. ಅಲ್ಲಿಯವರೆಗೂ ಕ್ಯಾಲೆಂಡರಿನಲ್ಲಿ ಸುತ್ತು ಹಾಕುತ್ತಲೇ ಇರಿ. ಪೂರ್ತಿ ನಿಲ್ಲದಿದ್ದರೂ ತಿಂಗಳಿಗೆ 8 ದಿನ ಇದ್ದದ್ದು 4ಕ್ಕೆ ಇಳಿದಿದ್ದರೆ ಔಷಧ ಹಿಡಿಯುತ್ತಿದೆ ಅಂತಲೇ ಲೆಕ್ಕ.